ಅಪ್ಪನ ಎಡಗೈಗೆ ಮುಟ್ಟಿದ್ದು ತಿಳಿಯುತ್ತಿಲ್ಲ, ನಾವು ಯಾವ ಕಡೆ ಮುಟ್ಟಬೇಕು?

ಪ್ರಶ್ನೆ: ನಮ್ಮ ಅಪ್ಪನಿಗೆ 63 ವರ್ಷ, ರಿಟೈರ್ ಆದ ಮೇಷ್ಟ್ರು. ನಾಲ್ಕು ತಿಂಗಳ ಹಿಂದೆ ಸ್ಟ್ರೋಕ್ ಆಯಿತು. ಮೆದುಳಿನ ಬಲಭಾಗಕ್ಕೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು ಎಂದರು. ಈಗ ನಡೆಯುತ್ತಾರೆ, ಮಾತು ಚೆನ್ನಾಗಿದೆ. ಎಡಗೈ ಸ್ವಲ್ಪ ಆಡುತ್ತದೆ, ಆದರೆ ಮುಟ್ಟಿದ್ದು ಸರಿಯಾಗಿ ತಿಳಿಯುವುದಿಲ್ಲ. ವಿಚಿತ್ರ ಏನೆಂದರೆ, ಎಡಗೈಯನ್ನಷ್ಟೇ ಮುಟ್ಟಿದರೆ ಕೆಲವೊಮ್ಮೆ "ಹೂಂ, ಮುಟ್ಟಿದೆ" ಅನ್ನುತ್ತಾರೆ. ಎರಡೂ ಕೈ ಒಟ್ಟಿಗೆ ಮುಟ್ಟಿದರೆ "ಬಲಗೈ ಮಾತ್ರ" ಅನ್ನುತ್ತಾರೆ. ತಟ್ಟೆಯ ಎಡಗಡೆ ಹಾಕಿದ ಪಲ್ಯ ಹಾಗೆಯೇ ಉಳಿದಿರುತ್ತದೆ. ಕಳೆದ ವಾರ ಅಮ್ಮ ಬಿಸಿನೀರಿನ ಬ್ಯಾಗ್ ಇಟ್ಟು ಮುಂಗೈ ಮೇಲೆ ಬೊಬ್ಬೆ ಎದ್ದಿತು, ಅವರಿಗೆ ಗೊತ್ತೇ ಆಗಲಿಲ್ಲ. ಒಬ್ಬರು "ಬಲಮೆದುಳು ಹಾಳಾಗಿದೆ, ಬಲಗೈಯನ್ನೇ ತಿಕ್ಕಿ" ಅನ್ನುತ್ತಾರೆ. ಇನ್ನೊಬ್ಬರು "ಕಿವಿ ಹಿಡಿಸಿ ಬಸ್ಕಿ ಹೊಡೆಸಿ, ಎರಡೂ ಮೆದುಳು ಬ್ಯಾಲೆನ್ಸ್ ಆಗುತ್ತೆ" ಅನ್ನುತ್ತಾರೆ. ನರಕ್ಕೆ ಕರೆಂಟ್ ಕೊಡುವ ಮೆಷಿನ್ ಒಂದಕ್ಕೆ 38 ಸಾವಿರ ಕೇಳುತ್ತಿದ್ದಾರೆ. ವಿದೇಶದಲ್ಲಿ ಕತ್ತಿನ ನರಕ್ಕೆ ಏನೋ ಜೋಡಿಸುತ್ತಾರಂತೆ. ನಾವು ಯಾವ ಕಡೆ ಮುಟ್ಟಬೇಕು, ಯಾವುದಕ್ಕೆ ದುಡ್ಡು ಹಾಕಬೇಕು? ಮಂಚವನ್ನು ಯಾವ ಗೋಡೆಗೆ ಹಾಕಬೇಕು ಅನ್ನೋದಕ್ಕೂ ಮನೆಯಲ್ಲಿ ಜಗಳ ಆಗಿದೆ.
– ಓದುಗರು, ಹಾವೇರಿ ಜಿಲ್ಲೆ

ಉತ್ತರ:

ಮೊದಲು ಆ ಬಿಸಿನೀರಿನ ಬ್ಯಾಗನ್ನು ಅಟ್ಟದ ಮೇಲೆ ಎತ್ತಿಡಿ. ಬೊಬ್ಬೆಯನ್ನು ಒಡೆಯಬೇಡಿ. ಅಪ್ಪನಿಗೆ ಶುಗರ್ ಇದ್ದರೆ ನಾಳೆಯೇ ಡಾಕ್ಟರಿಗೆ ತೋರಿಸಿ. ಸ್ಟ್ರೋಕ್ ಆದವರ ಸುಟ್ಟ ಕೈಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಾಫಿ ಲೋಟ, ಬಚ್ಚಲ ಹಂಡೆ, ಒಲೆಯ ಅಂಚು, ಆಗಷ್ಟೇ ನಿಲ್ಲಿಸಿದ ಬೈಕಿನ ಸೈಲೆನ್ಸರ್. ಮುಟ್ಟಿದ್ದು ತಿಳಿಯದ ಕೈಗೆ ಎಷ್ಟೋ ಸಲ ಬಿಸಿಯೂ ನೋವೂ ತಿಳಿಯುವುದಿಲ್ಲ. ಸ್ನಾನದ ನೀರು ಎಷ್ಟು ಬಿಸಿಯಿದೆ ಎಂದು ಅವರು ಬಲಗೈಯಿಂದಲೇ ನೋಡಲಿ. ನೀವು ನೋಡಿದರೆ ಇನ್ನೂ ಒಳ್ಳೆಯದು.

ಈಗ ನಿಮ್ಮ ಪ್ರಶ್ನೆಗೆ. ಬಲಮೆದುಳು ಪೆಟ್ಟು ತಿಂದಿದೆ, ಹಾಗಾದರೆ ಅದನ್ನು ಎಬ್ಬಿಸುವ ಸ್ವಿಚ್ ಮೈಮೇಲೆ ಎಲ್ಲಿದೆ, ಬಲಗಡೆಯೋ, ಎಡಗಡೆಯೋ, ಕಿವಿಯಲ್ಲೋ, ಕತ್ತಲ್ಲೋ? ನಿಮ್ಮ ಚಿಂತೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಅಂಥ ಸ್ವಿಚ್ ಎಲ್ಲೂ ಇಲ್ಲ. ಆದರೆ ಮುಟ್ಟಿದ್ದು ಮೆದುಳಿಗೆ ಹೋಗುವ ದಾರಿ ಮಾತ್ರ ಖಚಿತವಾಗಿ ಗೊತ್ತಿದೆ. ಅದು ತಿಳಿದರೆ ನಿಮಗೆ ಬಂದಿರುವ ಸಲಹೆಗಳಲ್ಲಿ ಅರ್ಧ ತಾವಾಗಿಯೇ ಬಿದ್ದುಹೋಗುತ್ತವೆ.

ಅಪ್ಪನ ಎಡಗೈ ಹೆಬ್ಬೆರಳನ್ನು ನೀವು ಮುಟ್ಟುತ್ತೀರಿ ಅಂದುಕೊಳ್ಳಿ. ಆ ಸುದ್ದಿ ತೋಳಿನ ನರದಲ್ಲಿ ಹೋಗಿ ಬೆನ್ನುಹುರಿ ಸೇರುತ್ತದೆ. ಅಲ್ಲಿಂದ ಎಡಗಡೆಯಲ್ಲೇ ಮೇಲೇರುತ್ತದೆ. ಮೆದುಳಿನ ಬುಡಕ್ಕೆ ಬಂದಮೇಲೆ ದಾಟಿ ಬಲಗಡೆಗೆ ಹೋಗುತ್ತದೆ. ಥಲಾಮಸ್ ಎಂಬ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ, ಬಲಮೆದುಳಿನ ಮೇಲ್ಮೈಯಲ್ಲಿ ಕಿವಿಯ ಮೇಲ್ಗಡೆಯಿಂದ ನೆತ್ತಿಯವರೆಗೆ ಹಬ್ಬಿರುವ ಒಂದು ಪಟ್ಟಿಯನ್ನು ತಲುಪುತ್ತದೆ. ಮಣಿಕಟ್ಟಿನ ನರಕ್ಕೆ ಸಣ್ಣ ಕರೆಂಟ್ ಕೊಟ್ಟು, ತಲೆಯ ಮೇಲೆ ತಂತಿ ಅಂಟಿಸಿ ಇದನ್ನು ಅಳೆಯುವ ಪರೀಕ್ಷೆಯೇ ಇದೆ. ಆರೋಗ್ಯವಾಗಿರುವವರಲ್ಲಿ ಸುಮಾರು 20 ಮಿಲಿಸೆಕೆಂಡಿಗೆ, ಅಂದರೆ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ, ಎದುರು ಬದಿಯ ಮೆದುಳಿನಲ್ಲಿ ಅದರ ಸಂಕೇತ ಕಾಣಿಸುತ್ತದೆ. ನೋವು ಮತ್ತು ಬಿಸಿಯ ಸುದ್ದಿಗೆ ಬೇರೆ ದಾರಿ. ಅವು ಬೆನ್ನುಹುರಿಗೆ ಬಂದ ಕೂಡಲೇ ದಾಟಿಬಿಡುತ್ತವೆ. ದಾರಿ ಯಾವುದೇ ಆಗಲಿ, ಕೊನೆಗೆ ಎಡ ಮೈಯ ಸುದ್ದಿ ಬಲಮೆದುಳಿಗೇ.

ಹಾಗಾಗಿ "ಬಲಮೆದುಳು ಹಾಳಾಗಿದೆ, ಬಲಗೈ ತಿಕ್ಕಿ" ಅನ್ನುವುದು ಉಲ್ಟಾ ಲೆಕ್ಕ. ಬಲಗೈ ತಿಕ್ಕಿದರೆ ಅದು ಮುಖ್ಯವಾಗಿ ತಲುಪುವುದು ಚೆನ್ನಾಗಿರುವ ಎಡಮೆದುಳನ್ನು. "ಮುಖ್ಯವಾಗಿ" ಎಂದು ಬೇಕೆಂದೇ ಬರೆದೆ. ಮೆದುಳಿನಲ್ಲಿ ಸ್ಪರ್ಶಕ್ಕೆ ಇನ್ನೊಂದು ಠಾಣೆ ಇದೆ, ಕಿವಿಗಿಂತ ಸ್ವಲ್ಪ ಮೇಲೆ, ಮೆದುಳಿನದೇ ಒಂದು ಮಡಿಕೆಯೊಳಗೆ. ಅಲ್ಲಿಗೆ ಎರಡೂ ಕೈಗಳ ಸುದ್ದಿ ಬರುತ್ತದೆ. ಎರಡು ಅರ್ಧಗಳ ನಡುವೆ ಸುಮಾರು 20 ಕೋಟಿ ಎಳೆಗಳ ಸೇತುವೆಯೂ ಇದೆ. ಆದ್ದರಿಂದ ಎಡ ಬಲ ಎಂದು ಗೋಡೆ ಕಟ್ಟಿದಂತೆ ಬೇರೆಯೇನೂ ಇಲ್ಲ.

ಆ ಪಟ್ಟಿಯ ಬಗ್ಗೆ ಇನ್ನೊಂದು ಮಾತು. 1930ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಸರ್ಜನ್, ರೋಗಿಗಳು ಎಚ್ಚರವಿದ್ದಾಗಲೇ ಮೆದುಳಿನ ಮೇಲ್ಮೈಗೆ ಸಣ್ಣ ಕರೆಂಟ್ ಮುಟ್ಟಿಸಿ "ಎಲ್ಲಿ ಜುಂ ಅಂತು?" ಎಂದು ಕೇಳುತ್ತ ಒಂದು ನಕ್ಷೆ ಮಾಡಿದರು. ಅದರಲ್ಲಿ ಬೆರಳು, ತುಟಿ, ನಾಲಿಗೆಗಳಿಗೆ ಸಿಕ್ಕಿದ ಜಾಗ ದೊಡ್ಡದು. ಇಡೀ ಬೆನ್ನಿಗೆ ಸಿಕ್ಕಿದ್ದು ಒಂದು ಚೂರು. ಮನೆಯವರು ಸಾಮಾನ್ಯವಾಗಿ ಬೆನ್ನು, ತೋಳು, ತೊಡೆಗೆ ಗಂಟೆಗಟ್ಟಲೆ ಎಣ್ಣೆ ತಿಕ್ಕಿ, ಬೆರಳ ತುದಿಯನ್ನು ಬಿಟ್ಟುಬಿಡುತ್ತಾರೆ. ನಿಮಗೆ ಬೇಕಿರುವುದು ಬೆರಳ ತುದಿ.

ಎರಡೂ ಕೈ ಮುಟ್ಟಿದಾಗ ಬಲಗೈ ಮಾತ್ರ ತಿಳಿಯುತ್ತದೆ ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ವಾಕ್ಯ ಅದು. ನಾವು ವಾರ್ಡಿನಲ್ಲಿ ಮಾಡುವ ಪರೀಕ್ಷೆಯನ್ನು ನೀವು ಮನೆಯಲ್ಲೇ ಮಾಡಿಬಿಟ್ಟಿದ್ದೀರಿ! ಎಡಗೈ ಒಂದನ್ನೇ ಮುಟ್ಟಿದಾಗ ಕೆಲವು ಸಲವಾದರೂ ತಿಳಿಯುತ್ತದೆ ಅಂದರೆ ಸುದ್ದಿ ಮೆದುಳಿನವರೆಗೆ ಬರುತ್ತಿದೆ, ದಾರಿ ಪೂರ್ತಿ ಕಡಿದಿಲ್ಲ. ಬಲಗೈಯ ಸುದ್ದಿಯೂ ಜೊತೆಗೆ ಬಂದಾಗ ಎಡಗೈಯದು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಅಂದರೆ ಅಪ್ಪನಿಗೆ ಇರುವುದು ಎರಡು ತೊಂದರೆ. ಸ್ಪರ್ಶ ಮಂಕಾಗಿದೆ, ಜೊತೆಗೆ ಎಡಗಡೆಗೆ ಗಮನವೇ ಹೋಗುತ್ತಿಲ್ಲ.

ಗಮನದ ವಿಷಯದಲ್ಲಿ ಮೆದುಳಿನ ಎರಡು ಭಾಗಗಳು ನಿಜಕ್ಕೂ ಸಮಾನವಲ್ಲ. ಹೊಲ ಕಾಯಲು ಇಬ್ಬರನ್ನು ಇಟ್ಟಿದ್ದೀರಿ ಅನ್ನಿ. ಎಡಮೆದುಳು ಎಂಬಾತ ಬಲಗಡೆಯ ಅಂಚನ್ನು ಮಾತ್ರ ನೋಡುತ್ತಾನೆ. ಬಲಮೆದುಳು ಎಂಬಾತ ಎರಡೂ ಕಡೆ ಸುತ್ತು ಹಾಕುತ್ತಾನೆ. ಮೊದಲನೆಯವನು ಮಲಗಿದರೆ ಎರಡನೆಯವನು ಹೇಗೋ ನಿಭಾಯಿಸುತ್ತಾನೆ. ಎರಡನೆಯವನೇ ಮಲಗಿದರೆ ಎಡಗಡೆಗೆ ಯಾರೂ ಇಲ್ಲ. ಇದು ಅನೇಕ ತಜ್ಞರು ಒಪ್ಪುವ ವಿವರಣೆ. ಬಲಮೆದುಳಿನ ಸ್ಟ್ರೋಕ್ ಆದವರಲ್ಲೇ ಈ ತೊಂದರೆ ಜಾಸ್ತಿ ಕಾಣುವುದೂ, ಹೆಚ್ಚು ದಿನ ಉಳಿಯುವುದೂ ಇದಕ್ಕೇ. ತಟ್ಟೆಯ ಎಡಗಡೆ ಪಲ್ಯ ಉಳಿಯುತ್ತದೆ. ಮದುವೆ ಊಟಕ್ಕೆ ಕೂರಿಸಿದರೆ ಎಲೆಯ ಎಡತುದಿಯ ಉಪ್ಪು, ಕೋಸಂಬರಿ ಮುಟ್ಟದೇ ಉಳಿಯುತ್ತವೆ. ಎಡಗೆನ್ನೆಯ ಗಡ್ಡ ಹಾಗೇ ಉಳಿಯುತ್ತದೆ. ಕಣ್ಣಿನ ತೊಂದರೆ ಬೇರೆ ಇರಬಹುದು, ಅದನ್ನೂ ಒಮ್ಮೆ ಪರೀಕ್ಷಿಸಬೇಕು. ಆದರೆ ಕನ್ನಡಕ ಬದಲಿಸಿದರೆ ಇದು ಸರಿಹೋಗುವುದಿಲ್ಲ.

"ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ" ಎಂದು ಅಪ್ಪ ಜಗಳ ಆಡುತ್ತಿದ್ದರೆ ಅದು ಮೇಷ್ಟ್ರ ಹಠ ಎಂದು ತಿಳಿಯಬೇಡಿ. ತೊಂದರೆ ಇದೆ ಎಂದು ಗೊತ್ತಾಗದಿರುವುದೂ ಇದೇ ಸ್ಟ್ರೋಕಿನ ಒಂದು ಭಾಗ. ಈ ಸ್ಥಿತಿಯಲ್ಲಿ ಅವರು ಸ್ಕೂಟರ್ ಮುಟ್ಟಲೇಬಾರದು. ಒಬ್ಬರೇ ರಸ್ತೆ ದಾಟುವುದೂ ಬೇಡ.

ಈಗ ಆ "ಎಡಮೆದುಳು ಬಲಮೆದುಳು ಬ್ಯಾಲೆನ್ಸ್" ಕಥೆ. ಅದು ಹುಟ್ಟಿದ್ದು ಒಳ್ಳೆಯ ವಿಜ್ಞಾನದಿಂದಲೇ. ತೀವ್ರ ಫಿಟ್ಸ್ ಇದ್ದ ಕೆಲವರಿಗೆ ಆ 20 ಕೋಟಿ ಎಳೆಗಳ ಸೇತುವೆಯನ್ನು ಕತ್ತರಿಸುವ ಆಪರೇಷನ್ ಮಾಡುತ್ತಿದ್ದರು. ಅಂಥವರನ್ನು ಅಮೆರಿಕದ ರೋಜರ್ ಸ್ಪೆರಿ ಮತ್ತು ಸಂಗಡಿಗರು ಪರೀಕ್ಷಿಸಿದರು. ಕಣ್ಣಿಗೆ ಕಾಣದಂತೆ ಎಡಗೈಯಲ್ಲಿ ಒಂದು ವಸ್ತು ಇಟ್ಟರೆ ಅದರ ಹೆಸರು ಹೇಳಲು ಅವರಿಗೆ ಆಗುತ್ತಿರಲಿಲ್ಲ. ಸ್ಪರ್ಶ ಹೋದದ್ದು ಬಲಮೆದುಳಿಗೆ, ಮಾತು ಇರುವುದು ಎಡಮೆದುಳಿನಲ್ಲಿ, ನಡುವೆ ಸೇತುವೆ ಇಲ್ಲ. ಆದರೆ ಹಲವು ವಸ್ತುಗಳ ನಡುವೆ ಅದನ್ನೇ ಅದೇ ಎಡಗೈಯಿಂದ ತಡವಿ ತೆಗೆಯುತ್ತಿದ್ದರು! 1981ರಲ್ಲಿ ಸ್ಪೆರಿಗೆ ನೊಬೆಲ್ ಬಂತು. ಆಮೇಲೆ ಮಾರುಕಟ್ಟೆ ಅದನ್ನು ಎತ್ತಿಕೊಂಡು, ಲೆಕ್ಕದವರು ಎಡಮೆದುಳಿನವರು, ಕಲೆಯವರು ಬಲಮೆದುಳಿನವರು ಎಂದು ಹಂಚಿಬಿಟ್ಟಿತು. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿದಾಗ, ಒಂದೊಂದು ಕೆಲಸ ಒಂದೊಂದು ಬದಿಗೆ ವಾಲುತ್ತದೆಯೇ ಹೊರತು, ಇಡೀ ಮನುಷ್ಯ ಎಡಮೆದುಳಿನವನೋ ಬಲಮೆದುಳಿನವನೋ ಆಗಿರುವುದು ಕಾಣಲಿಲ್ಲ. (ಮಕ್ಕಳಿಗೆ ಕಣ್ಣು ಕಟ್ಟಿ, ಮುಟ್ಟಿಯೇ ಓದಿಸುತ್ತೇವೆ ಎನ್ನುವ "ಮಿಡ್‌ಬ್ರೈನ್" ತರಗತಿಗಳೂ ಇದೇ ಕಥೆಯ ಸಂತಾನ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಅದರ ಬಣ್ಣ ಬಯಲು ಮಾಡಿದ್ದಾರೆ: ಮಕ್ಕಳು ನೋಡುವುದು ಪಟ್ಟಿ ಮತ್ತು ಮೂಗಿನ ನಡುವಿನ ಸಂದಿಯಿಂದ.)

ಬಸ್ಕಿಯೂ ಇಲ್ಲೇ ಬರುತ್ತದೆ. ಗಣಪನ ಮುಂದೆ ಕಿವಿ ಹಿಡಿದು ಬಸ್ಕಿ ಹೊಡೆಯುವುದು ಭಕ್ತಿ, ಅದಕ್ಕೆ ನನ್ನ ತಕರಾರಿಲ್ಲ. ಎಡಗಿವಿಯ ಹಾಲೆ ಹಿಂಡಿದರೆ ಬಲಮೆದುಳು ಏಳುತ್ತದೆ ಅನ್ನುವುದು ಮಾತ್ರ ಸುಮ್ನೆ ಸೇರಿಸಿದ್ದು. ಹಾಲೆಯ ಸ್ಪರ್ಶ ಹೋಗುವುದು ಕತ್ತಿನಿಂದ ಹೊರಡುವ ಒಂದು ಸಾಧಾರಣ ಚರ್ಮದ ನರದಲ್ಲಿ. ಹಾಗೆ ನೋಡಿದರೆ ಎಡ ಕಿರುಬೆರಳು ಮುಟ್ಟಿದರೂ ಬಲಮೆದುಳಿಗೆ ಸುದ್ದಿ ಹೋಗುತ್ತದೆ, ಅಲ್ವಾ? ಎಡಗಡೆ ಗಮನವಿಲ್ಲದ, ಎಡಗಾಲು ಇನ್ನೂ ಗಟ್ಟಿಯಾಗಿರದ ನಿಮ್ಮ ಅಪ್ಪ ಬಸ್ಕಿ ಹೊಡೆಯಲು ಹೋದರೆ ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ನಾಲ್ಕು ತಿಂಗಳ ಶ್ರಮ ನೀರುಪಾಲು. ಬಸ್ಕಿಯಲ್ಲಿ ನಿಜವಾಗಿ ಉಪಯೋಗ ಇರುವ ಭಾಗವನ್ನು ಮಾತ್ರ ಇಟ್ಟುಕೊಳ್ಳಿ. ಗಟ್ಟಿ ಕುರ್ಚಿಯಿಂದ ಏಳುವುದು, ಕೂರುವುದು. ಎಡಗಡೆ ಒಬ್ಬರು ನಿಂತಿರಲಿ. ಒಮ್ಮೆಗೆ ಎಂಟೋ ಹತ್ತೋ ಸಲ, ದಿನಕ್ಕೆ ಎರಡು ಮೂರು ಬಾರಿ.

38 ಸಾವಿರದ ಮೆಷಿನ್ ಕೊಳ್ಳಬೇಡಿ. ನೀವು ಹೇಳಿದ್ದನ್ನು ನೋಡಿದರೆ ಅದು ಟೆನ್ಸ್ ಎಂಬ ಹಳೆಯ ಯಂತ್ರಕ್ಕೆ ಹೊಸ ಡಬ್ಬಿ ಇರಬೇಕು. ಸಾಮಾನ್ಯ ಟೆನ್ಸ್ ಕೆಲವೇ ಸಾವಿರಕ್ಕೆ ಸಿಗುತ್ತದೆ. ಅದರ ಕೆಲಸ ನೋವು ಕಡಿಮೆ ಮಾಡುವುದು. ಸ್ಪರ್ಶವನ್ನು ಮರಳಿ ತರುವ ಯಂತ್ರವಲ್ಲ. ಇದರಲ್ಲಿ ಕುತೂಹಲದ ವಿಷಯ ಇಲ್ಲವೇ ಇಲ್ಲ ಅನ್ನಲಾರೆ. ಎಡಗತ್ತಿನ ಹಿಂಭಾಗಕ್ಕೆ ಕರೆಂಟ್ ಅಥವಾ ಕಂಪನ ಕೊಟ್ಟರೆ, ಎಡಕಿವಿಗೆ ತಣ್ಣೀರು ಬಿಟ್ಟರೆ, ಇಂಥ ರೋಗಿಗಳು ಇದ್ದಕ್ಕಿದ್ದಂತೆ ಎಡಗಡೆ ನೋಡಲು ಶುರುಮಾಡುತ್ತಾರೆ ಎಂದು 1980 ಮತ್ತು 90ರ ದಶಕದ ಸಂಶೋಧಕರು ತೋರಿಸಿದರು. ನೋಡಿದರೆ ಮಾಯೆಯೇ ಸರಿ. ಆದರೆ ಸ್ವಲ್ಪ ಹೊತ್ತಿಗೆಲ್ಲ ಮತ್ತೆ ಮೊದಲಿನಂತೆಯೇ. ದಯವಿಟ್ಟು ಕಿವಿಗೆ ನೀರು ಬಿಡುವ ಪ್ರಯೋಗ ಮನೆಯಲ್ಲಿ ಮಾಡಬೇಡಿ. ತಲೆ ಗಿರ್ರೆಂದು ತಿರುಗಿ ವಾಂತಿಯಾಗುತ್ತದೆ. ಯಂತ್ರದ ಅಪಾಯವೂ ಸಣ್ಣದಲ್ಲ. ಸ್ಪರ್ಶ ಇಲ್ಲದ ಚರ್ಮದ ಮೇಲೆ ಕರೆಂಟ್ ಜಾಸ್ತಿಯಾದರೆ ಅವರಿಗೆ ತಿಳಿಯದೆಯೇ ಸುಡುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಬೇಡ. ಯಾರಿಗೇ ಆದರೂ ಕತ್ತಿನ ಮುಂಭಾಗದಲ್ಲಿ ಇಡಲೇಬಾರದು, ಬಿಪಿ ಮತ್ತು ಹೃದಯದ ಬಡಿತ ಏರುಪೇರಾಗಬಹುದು.

ಫಿಸಿಯೋಥೆರಪಿಸ್ಟ್ ಸ್ನಾಯುವಿಗೆ ಕರೆಂಟ್ ಕೊಟ್ಟು ಮಣಿಕಟ್ಟು ಎತ್ತಿಸುವುದು ಬೇರೆ. ಕೈಯ ಚಲನೆಗೆ ಅದು ಸಹಾಯ ಮಾಡುತ್ತದೆ. ಅದನ್ನು ಅವರ ಕೈಯಲ್ಲೇ ಮಾಡಿಸಿ.

ವಿದೇಶದ ಸುದ್ದಿ ಸುಳ್ಳಲ್ಲ. ವೇಗಸ್ ಎಂಬ ನರ ಕತ್ತಿನಲ್ಲಿ ಇಳಿದು ಹೃದಯ, ಹೊಟ್ಟೆಗೆ ಹೋಗುತ್ತದೆ. ಎದೆಯ ಚರ್ಮದಡಿ ಸಣ್ಣ ಯಂತ್ರ ಇಟ್ಟು, ಎಡಗಡೆಯ ವೇಗಸ್‌ಗೆ ತಂತಿ ಜೋಡಿಸುತ್ತಾರೆ. ಫಿಟ್ಸ್‌ಗೆ ಇದನ್ನು ಅಮೆರಿಕದಲ್ಲಿ 1997ರಿಂದ ಬಳಸುತ್ತಿದ್ದಾರೆ. ಸ್ಟ್ರೋಕಿನ ಕೈಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 2021ರ ಆಗಸ್ಟ್‌ನಲ್ಲಿ. ಎಡಗಡೆಯೇ ಏಕೆ? ಅದಕ್ಕೂ ಬಲಮೆದುಳಿಗೂ ಸಂಬಂಧವಿಲ್ಲ. ಹೃದಯದ ಬಡಿತ ಹುಟ್ಟುವ ಜಾಗಕ್ಕೆ ಬಲಗಡೆಯ ವೇಗಸ್ ಜಾಸ್ತಿ ಹೋಗುತ್ತದೆ, ಅದನ್ನು ಕೆಣಕದಿರಲಿ ಎಂದು ಅಷ್ಟೇ. ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ 108 ಜನ ಇದ್ದರು. ಎಲ್ಲರಿಗೂ ಯಂತ್ರ ಕೂರಿಸಿದರು, ಅರ್ಧ ಜನರಿಗೆ ಮಾತ್ರ ಕರೆಂಟ್ ಸರಿಯಾಗಿ ಕೊಟ್ಟರು. ಮೂರು ತಿಂಗಳ ನಂತರ, ಕರೆಂಟ್ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನರ ಕೈಯಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಇತ್ತು. ಉಳಿದ ಗುಂಪಿನಲ್ಲಿ ಕಾಲು ಭಾಗ.

ಇದರಲ್ಲಿ ಗಮನಿಸಬೇಕಾದದ್ದು ಇಲ್ಲಿದೆ. ಕರೆಂಟ್ ಸುಮ್ಮನೆ ಹರಿಯುತ್ತಿರಲಿಲ್ಲ. ರೋಗಿ ಲೋಟ ಎತ್ತಲು ಕೈ ಚಾಚಿದ ಆ ಕ್ಷಣಕ್ಕೆ ಥೆರಪಿಸ್ಟ್ ಬಟನ್ ಒತ್ತುತ್ತಿದ್ದರು, ಅರ್ಧ ಸೆಕೆಂಡ್ ಕರೆಂಟ್. ಒಂದು ಸೆಷನ್ನಿನಲ್ಲಿ ನೂರಾರು ಸಲ ಹೀಗೆ. ಕೈಗೆ ಕೆಲಸ ಕೊಡದೆ ಬರೀ ನರಕ್ಕೆ ಕರೆಂಟ್ ಕೊಟ್ಟದ್ದಲ್ಲ ಇದು. ನಿಮ್ಮ ಅಪ್ಪನಿಗೆ ಇದು ಸದ್ಯಕ್ಕೆ ಹೊಂದುವುದೂ ಇಲ್ಲ. ಪ್ರಯೋಗಕ್ಕೆ ಸೇರಿಸಿಕೊಂಡದ್ದು ಸ್ಟ್ರೋಕ್ ಆಗಿ ಒಂಬತ್ತು ತಿಂಗಳು ದಾಟಿದವರನ್ನು, ನೋಡಿದ್ದು ಕೈಯ ಚಲನೆಯನ್ನು, ಸ್ಪರ್ಶವನ್ನಲ್ಲ. ಆಪರೇಷನ್ ಬೇಕು, ದನಿ ಒಡೆಯಬಹುದು, ಕೆಮ್ಮು ಬರಬಹುದು. (ಅಂದಹಾಗೆ, ಕಿವಿಯೊಳಗೆ ಕಡ್ಡಿ ಹಾಕಿದಾಗ ಕೆಲವರಿಗೆ ಕೆಮ್ಮು ಬರುತ್ತದಲ್ಲ, ಅದು ವೇಗಸ್‌ನ ಒಂದು ಕವಲು ಕಿವಿಗೂ ಬಂದಿರುವುದರಿಂದ. ಕಿವಿಗೆ ಸಿಕ್ಕಿಸುವ ಮೆಷಿನ್ ಮಾರುವವರು ಹಿಡಿದುಕೊಂಡಿರುವ ಎಳೆ ಇದೇ. ಅದರ ಅಧ್ಯಯನ ಇನ್ನೂ ನಡೆಯುತ್ತಿದೆ, ಅಂಗಡಿ ಮಾತ್ರ ಆಗಲೇ ತೆರೆದಿದೆ.)

ಹಾಗಾದರೆ ಏನು ಮಾಡಬೇಕು? ಎಡಗೈಯನ್ನೇ ಮುಟ್ಟಿ, ಆದರೆ ಅಪ್ಪನ ಮನಸ್ಸು ಅಲ್ಲಿರುವಾಗ ಮುಟ್ಟಿ. ಟಿವಿ ಆಫ್ ಮಾಡಿ. ಮೇಜಿನ ಮೇಲೆ ಗೋಣಿಚೀಲದ ತುಂಡು, ಹಳೇ ರೇಷ್ಮೆ ಸೀರೆಯ ಅಂಚು, ಪಾತ್ರೆ ತಿಕ್ಕುವ ನಾರು ಇಡಿ. ಅಪ್ಪ ಕಣ್ಣು ಮುಚ್ಚಲಿ. ಅವರ ಎಡ ಬೆರಳ ತುದಿಯನ್ನು ಒಂದರ ಮೇಲೆ ಆಡಿಸಿ, ಯಾವುದೆಂದು ಕೇಳಿ. ತಪ್ಪಾದರೆ ಬೈಯಬೇಡಿ. ಕಣ್ಣು ಬಿಟ್ಟು ನೋಡಲಿ, ಬಲಗೈಯಿಂದ ಮುಟ್ಟಿ "ಓ, ಹೀಗಿದೆ" ಎಂದುಕೊಳ್ಳಲಿ, ಮತ್ತೆ ಕಣ್ಣು ಮುಚ್ಚಿ ಎಡಗೈಯಿಂದ ಮುಟ್ಟಲಿ. ಮೊದಲು ತೀರಾ ಬೇರೆ ಬೇರೆ ವಸ್ತು, ಆಮೇಲೆ ಒಂದನ್ನೊಂದು ಹೋಲುವಂಥವು. ಬೆರಳು ಸ್ವಲ್ಪ ಹಿಡಿಯಲು ಶುರುವಾದ ಮೇಲೆ ಒಂದು ಬೋಗುಣಿಯಲ್ಲಿ ಅಕ್ಕಿ ಹಾಕಿ ಅದರಲ್ಲಿ ಬೀಗದ ಕೈ, ಗೋಲಿ, ಸೀಮೆಸುಣ್ಣ ಹೂತಿಡಿ. ಮೇಷ್ಟ್ರಲ್ಲವೇ, ಸೀಮೆಸುಣ್ಣ ಬೇಗ ಸಿಗಬಹುದು! ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ವಾರಗಟ್ಟಲೆ ಬಿಡದೆ ಮಾಡಬೇಕು. ಮೊದಲ ಮೂರು ತಿಂಗಳಿನಷ್ಟು ವೇಗ ಇನ್ನು ಇರುವುದಿಲ್ಲ. ಹಾಗೆಂದು ಬಾಗಿಲು ಮುಚ್ಚಿಲ್ಲ. ಪೂರ್ತಿ ಮೊದಲಿನಂತೆ ಆಗುತ್ತದೆ ಎಂದು ಮಾತ್ರ ನಾನು ಭರವಸೆ ಕೊಡಲಾರೆ.

ಕನ್ನಡಿ ಚಿಕಿತ್ಸೆಯನ್ನೂ ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ. ಇದನ್ನು ಪ್ರಸಿದ್ಧಿಗೆ ತಂದವರು ನಮ್ಮ ಪಕ್ಕದ ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿ. ಎಸ್. ರಾಮಚಂದ್ರನ್. ಕೈ ಕಳೆದುಕೊಂಡವರ "ಇಲ್ಲದ ಕೈ" ನೋವಿಗೆ ಅವರು 1990ರ ದಶಕದಲ್ಲಿ ಇದನ್ನು ಬಳಸಿದರು. ಎದೆಯ ನಡುವಿನ ನೇರಕ್ಕೆ, ಮುಖ ಬಲಗೈ ಕಡೆಗಿರುವಂತೆ ಕನ್ನಡಿ ನಿಲ್ಲಿಸಿ, ಎಡಗೈಯನ್ನು ಅದರ ಹಿಂದೆ ಇಟ್ಟು, ಬಲಗೈ ಆಡಿಸಿದರೆ ಕನ್ನಡಿಯಲ್ಲಿ ಎಡಗೈಯೇ ಆಡಿದಂತೆ ಕಾಣುತ್ತದೆ. ಸ್ಟ್ರೋಕಿನಲ್ಲಿ ಕೈಯ ಚಲನೆಗೆ ಇದು ಸ್ವಲ್ಪ ಮಟ್ಟಿಗೆ ಸಹಾಯ ಮಾಡುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರ ಇದೆ. ಖರ್ಚು ಒಂದು ಕನ್ನಡಿಯದು. ಕೆಲವರಿಗೆ ತಲೆ ಸುತ್ತುತ್ತದೆ, ಆಗ ನಿಲ್ಲಿಸಿ.

ಒಳ್ಳೆಯ ಕೈಯನ್ನು ಕಟ್ಟಿಹಾಕುವ ಚಿಕಿತ್ಸೆಯ ಬಗ್ಗೆಯೂ ಯಾರಾದರೂ ಹೇಳಿಯಾರು. ಅದು ನಿಜವಾದ ಚಿಕಿತ್ಸೆಯೇ. ಆದರೆ ಮಣಿಕಟ್ಟು, ಬೆರಳು ತಕ್ಕಮಟ್ಟಿಗೆ ಎತ್ತಲು ಬರುವವರಿಗೆ ಮಾತ್ರ, ಥೆರಪಿಸ್ಟ್ ಎದುರಿಗೆ. ಅಪ್ಪ ನಡೆಯುವಾಗ ಬಲಗೈ ಕಟ್ಟಿದರೆ ಬಿದ್ದಾಗ ಊರಿಕೊಳ್ಳಲು ಕೈಯೇ ಇರುವುದಿಲ್ಲ.

ನಮ್ಮ ಕಡೆ ಇನ್ನೊಂದು ವಿಶೇಷ ತೊಡಕಿದೆ. ಎಡಗೈ ಬಿದ್ದರೆ ಮನೆಯವರು "ದೇವರು ದೊಡ್ಡವನು, ಊಟದ ಕೈ ಉಳಿಯಿತು" ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಉಣ್ಣುವುದು, ಬರೆಯುವುದು, ತೀರ್ಥ ತೆಗೆದುಕೊಳ್ಳುವುದು ಎಲ್ಲ ಬಲಗೈಯಲ್ಲೇ ನಡೆದುಹೋಗುತ್ತದೆ. ಎಡಗೈಗೆ ಕೆಲಸವೇ ಬರುವುದಿಲ್ಲ. ಬಳಸದ ಕೈಯನ್ನು ಮೆದುಳು ಇನ್ನಷ್ಟು ಮರೆಯುತ್ತದೆ. ಅದಕ್ಕೆ ಎಡಗೈಗೆ ಅದರದೇ ಕೆಲಸ ಕೊಡಿ. ತಟ್ಟೆ ಅಲುಗದಂತೆ ಹಿಡಿಯುವುದು, ಪೇಪರ್ ಒತ್ತಿ ಹಿಡಿಯುವುದು, ಪಂಚೆಯ ಅಂಚು ಹಿಡಿಯುವುದು, ಬಟಾಣಿ ಸುಲಿಯುವಾಗ ಸಿಪ್ಪೆ ಹಿಡಿಯುವುದು. ಪ್ರತಿ ಸಲವೂ ಅವರು ಕೈಯನ್ನು ನೋಡುತ್ತ ಮಾಡಲಿ.

ಅಮ್ಮ ಎಣ್ಣೆ ಹಚ್ಚುತ್ತಿದ್ದರೆ ನಿಲ್ಲಿಸಬೇಕಿಲ್ಲ. ಬಿಸಿ ಬೇಡ, ಉಗುರು ಬೆಚ್ಚಗೂ ಬೇಡ, ಹಾಗೆಯೇ ಹಚ್ಚಲಿ. ಚರ್ಮದಲ್ಲಿ ನಿಧಾನವಾಗಿ ನೇವರಿಸುವುದಕ್ಕೆಂದೇ ಸ್ಪಂದಿಸುವ ತೆಳು ನರಗಳಿವೆ, ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್ ವೇಗ ಅವಕ್ಕೆ ಇಷ್ಟ. ಕೂಸಿನ ತಲೆ ಸವರುವ ವೇಗ ಅದು. ಅದರಿಂದ ಸ್ಟ್ರೋಕ್ ವಾಸಿಯಾಗುವುದಿಲ್ಲ, ಆದರೆ ಮನಸ್ಸಿಗೆ ಹಾಯೆನಿಸುತ್ತದೆ. ಭುಜವನ್ನು ಮಾತ್ರ ಜಗ್ಗಬೇಡಿ, ತೋಳು ಹಿಡಿದು ಎಬ್ಬಿಸಬೇಡಿ. ಎಣ್ಣೆ ಶುರುವಾಯಿತೆಂದು ಬಿಪಿ, ರಕ್ತ ತೆಳುಮಾಡುವ ಮಾತ್ರೆ ಬಿಡುವುದಂತೂ ಬೇಡವೇ ಬೇಡ.

ಮುಂದಿನ ತಿಂಗಳುಗಳಲ್ಲಿ ಎಡಗೈ ಉರಿಯತೊಡಗಿದರೆ, ಅಂಗಿಯ ತೋಳು ತಾಗಿದರೂ ಮೆಣಸಿನಪುಡಿ ಹಚ್ಚಿದಂತೆ ಅನ್ನಿಸಿದರೆ, "ನರ ಚಿಗುರುತ್ತಿದೆ" ಎಂದು ಖುಷಿಪಡಬೇಡಿ. ಸ್ಪರ್ಶದ ದಾರಿಗೆ ಪೆಟ್ಟಾದ ಕೆಲವರಲ್ಲಿ ತಡವಾಗಿ ಬರುವ ನೋವು ಅದು. ಸಾಮಾನ್ಯ ನೋವಿನ ಮಾತ್ರೆಗೆ ಬಗ್ಗುವುದಿಲ್ಲ, ಬೇರೆ ಔಷಧಿ ಇದೆ, ನರರೋಗ ತಜ್ಞರಿಗೆ ತೋರಿಸಿ. ಇದ್ದಕ್ಕಿದ್ದಂತೆ ಹೊಸದಾಗಿ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಇನ್ನೊಂದು ಕೈ ಕಾಲು ಸೋತರೆ ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವುದು ನಾಲ್ಕೂವರೆ ಗಂಟೆ.

ನಿಮ್ಮ 38 ಸಾವಿರವನ್ನು ವಾರಕ್ಕೆ ಮೂರು ದಿನ ಮನೆಗೆ ಬರುವ ಒಳ್ಳೆಯ ಫಿಸಿಯೋಥೆರಪಿಸ್ಟ್‌ಗೆ ಹಾಕಿ. ಒಮ್ಮೆ ಬೆಂಗಳೂರಿಗೆ ಹೋಗಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗ ಇದೆ. ಸ್ಕ್ಯಾನ್ ಪ್ರತಿಗಳನ್ನು ಜೊತೆಗೆ ಒಯ್ಯಿರಿ.

ಇನ್ನು ಮಂಚದ ಜಗಳ. ಒಬ್ಬರು ಎಡಗಡೆ ಗೋಡೆ ಇರಲಿ, ಬೀಳುವುದಿಲ್ಲ ಅನ್ನುತ್ತಿರಬೇಕು. ಇನ್ನೊಬ್ಬರು ಎಡಗಡೆ ತೆರೆದಿರಲಿ, ಅತ್ತ ನೋಡುವುದು ರೂಢಿಯಾಗಲಿ ಅನ್ನುತ್ತಿರಬೇಕು. ಇಬ್ಬರದ್ದೂ ಅರ್ಧ ಸರಿ. ಮಂಚ ತಿರುಗಿಸಿದ ಮಾತ್ರಕ್ಕೆ ಗಮನ ಮರಳುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ಆದ್ದರಿಂದ ರಾತ್ರಿಯ ಲೆಕ್ಕ ಮೊದಲು. ಎಡಗಡೆ ಗೋಡೆಗೆ ಹಾಕಿ, ಗೋಡೆಗೂ ಅವರ ಕೈಗೂ ನಡುವೆ ಒಂದು ದಿಂಬು ಇಡಿ. ನೀರು, ಟಾರ್ಚ್, ಮೊಬೈಲ್ ಎಲ್ಲ ಬಲಗಡೆ ಇರಲಿ. ಹಗಲು ಹಜಾರದ ಕುರ್ಚಿಯಲ್ಲಿ ಕೂತಾಗ ನೀವು ಅವರ ಎಡಗಡೆ ಕೂತು ಮಾತಾಡಿ. ಮೊದಲು "ಅಪ್ಪಾ" ಎಂದು ಕರೆಯಿರಿ, ಎಡಗೈ ಮೇಲೆ ಕೈ ಇಡಿ, ಅವರು ತಿರುಗುವವರೆಗೆ ಕಾಯಿರಿ. ತಿರುಗಿ ನಿಮ್ಮ ಮುಖ ನೋಡಿದ ಮೇಲೆ ಕಾಫಿ ಲೋಟ ಕೊಡಿ, ಬಲಗೈಗೆ.